ಜೆಲ್ ಬ್ರಷ್ ಉಳಿಸಲು ಹೋಗಿ ಬೆರಳು ಕೆಡಿಸಿಕೊಂಡೆ

ಚರ್ಮದ ಡಾಕ್ಟರ್ ನನ್ನ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಈ ಎರಡು ಬೆರಳಲ್ಲಿ ನೀವು ಏನನ್ನು ಹಿಂಡುತ್ತೀರಿ?"

ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಾತ್ರ ಒಡೆದಿತ್ತು. ಉಳಿದ ಮೂರು ಬೆರಳು ಚೆನ್ನಾಗಿಯೇ ಇದ್ದವು. ಬಲಗೈಗೆ ಏನೂ ಆಗಿರಲಿಲ್ಲ. ನಾನೋ ಎರಡು ತಿಂಗಳಿಂದ ಪಾತ್ರೆ ತೊಳೆಯುವ ಸೋಪಿಗೆ ಬೈಯುತ್ತಿದ್ದೆ. ಎರಡು ಸಲ ಸೋಪು ಬದಲಾಯಿಸಿಯೂ ಆಗಿತ್ತು. ಸೋಪಿನ ತಪ್ಪಾಗಿದ್ದರೆ ಎರಡೇ ಬೆರಳಿಗೆ ಯಾಕೆ ಅಂತ ಒಂದು ಸಲವೂ ಹೊಳೆದಿರಲಿಲ್ಲ. ಡಾಕ್ಟರ್ ಕೇಳಿದ ಮೇಲೆ ಕೈ ತಾನಾಗಿಯೇ ಮಾಡಿ ತೋರಿಸಿತು. ಬಲಗೈಯಲ್ಲಿ ಬ್ರಷ್. ಎಡಗೈಯ ಎರಡು ಬೆರಳ ನಡುವೆ ಅದರ ಕೂದಲು. ನಯವಾಗಿ ಒತ್ತಿ ಎಳೆಯುವುದು. ಉಗುರಿಗೆ ಜೆಲ್ ಬಣ್ಣ ಹಚ್ಚುವ ಬ್ರಷ್ಷನ್ನು ಸ್ವಚ್ಛ ಮಾಡಲು ನಾನು ಕಂಡುಕೊಂಡಿದ್ದ ದಾರಿ ಅದು.

ಮನೆಯಲ್ಲೇ ಜೆಲ್ ಹಚ್ಚಿಕೊಳ್ಳುವವರು, ಈಗಷ್ಟೇ ನೇಲ್ ಆರ್ಟ್ ಕಲಿಯುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಆ ದಾರಿಗೆ ಬಂದದ್ದು ಸೋಮಾರಿತನದಿಂದ ಅಲ್ಲ, ಬ್ರಷ್ ಮೇಲಿನ ಅತಿ ಕಾಳಜಿಯಿಂದ.

ಮೊದಲು ಹಾಳಾದದ್ದು ಒಂದು ಚಪ್ಪಟೆ ಬ್ರಷ್. ಕೆಲಸ ಮುಗಿಸಿ, ಟಿಶ್ಯೂನಲ್ಲಿ ಒರೆಸಿ, ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟು ಊಟಕ್ಕೆ ಎದ್ದೆ. ಬಂದು ನೋಡಿದರೆ ಕೂದಲು ಕಡ್ಡಿಯಾಗಿತ್ತು. ಕಿಟಕಿಯ ಗಾಜು ಮುಚ್ಚೇ ಇತ್ತು, ಹಾಗಾಗಿ ಬಿಸಿಲಿನ ಕಾಟ ಇಲ್ಲ ಅಂದುಕೊಂಡಿದ್ದೆ. ತಪ್ಪು ಲೆಕ್ಕ. ಜೆಲ್ ಗಾಳಿಗೆ ಒಣಗುವ ವಸ್ತುವಲ್ಲ. ಬೆಳಕು ಬಿದ್ದಾಗ ಅದರೊಳಗಿನ ರಾಸಾಯನಿಕ ಎಚ್ಚೆತ್ತು, ಸಣ್ಣ ಸಣ್ಣ ಅಣುಗಳನ್ನು ಸರಪಳಿಯಂತೆ ಕೊಂಡಿ ಹಾಕಿ ಗಟ್ಟಿ ಮಾಡುತ್ತದೆ. ಹಚ್ಚಿದ ಜೆಲ್ಲನ್ನು ಗಟ್ಟಿ ಮಾಡಲು ನಾವು ಕೈ ಇಡುವ ಲ್ಯಾಂಪ್‌ಗಳು ಹೆಚ್ಚಾಗಿ 365 ಮತ್ತು 405 ನ್ಯಾನೋಮೀಟರ್ ಆಸುಪಾಸಿನ ಬೆಳಕು ಕೊಡುತ್ತವೆ. ಹಗಲಿನ ಬೆಳಕಿನಲ್ಲೂ ಅವೆರಡೂ ಇವೆ. ಸಾಮಾನ್ಯ ಕಿಟಕಿ ಗಾಜು ಅವುಗಳಲ್ಲಿ ಬಹುಪಾಲನ್ನು ಒಳಗೆ ಬಿಡುತ್ತದೆ. ಲ್ಯಾಂಪ್‌ನಲ್ಲಿ ಒಂದು ನಿಮಿಷದಲ್ಲಿ ಆಗುವುದು ಕಿಟಕಿ ಪಕ್ಕದಲ್ಲಿ ಊಟ ಮುಗಿಯುವಷ್ಟರಲ್ಲಿ ಆಯಿತು, ಅಷ್ಟೇ.

ಇನ್ನೊಂದು ಬ್ರಷ್ ಲ್ಯಾಂಪ್ ಎದುರಿಗೇ ಹೋಯಿತು. ಒಂದು ಕೈ ಲ್ಯಾಂಪ್ ಒಳಗೆ, ಇನ್ನೊಂದು ಕೈಯಲ್ಲಿ ಬ್ರಷ್, ಕಣ್ಣು ಫೋನ್ ಮೇಲೆ. ಲ್ಯಾಂಪ್ ಬಾಯಿಂದ ಹೊರಗೆ ಚೆಲ್ಲುವ ಬೆಳಕು ಸಾಕಾಯಿತು. ತುದಿ ಮಾತ್ರ ಗಟ್ಟಿ, ಬುಡ ಮೆತ್ತಗೆ. ಇದನ್ನು ಉಳಿಸಬಹುದು ಅನ್ನಿಸಿತು. ಅನಾಹುತ ಶುರುವಾದದ್ದೇ ಅಲ್ಲಿಂದ.

ಅಸಿಟೋನ್ ಉಗುರಿನ ಮೇಲಿನ ಜೆಲ್ ಬಿಡಿಸುತ್ತದೆ, ಅಂದಮೇಲೆ ಬ್ರಷ್‌ನದ್ದೂ ಬಿಡಿಸುತ್ತದೆ ಅಲ್ವಾ? ಹಾಗಂತ ಒಂದು ಗಾಜಿನ ಲೋಟಕ್ಕೆ ಅಸಿಟೋನ್ ಸುರಿದು ಬ್ರಷ್ ತಲೆಕೆಳಗಾಗಿ ನಿಲ್ಲಿಸಿದೆ. ರಾತ್ರಿಯಿಡೀ. ಬೆಳಿಗ್ಗೆ ತೆಗೆದರೆ ತುದಿ ಒಂದು ಕಡೆಗೆ ಬಾಗಿತ್ತು, ಕೂದಲು ಒಣ ಹುಲ್ಲಿನಂತೆ ಕೆದರಿತ್ತು. ಕೂದಲನ್ನು ಹಿಡಿದಿಡುವ ಲೋಹದ ಕೊಳವೆಯೊಳಗಿನ ಅಂಟು ಸಡಿಲವಾಗಿ, ಒರೆಸಿದಾಗಲೆಲ್ಲ ನಾಲ್ಕೈದು ಎಳೆ ಉದುರುತ್ತಿದ್ದವು. ಮಿನುಗು ತುಂಬಿದ ಪ್ಲಾಸ್ಟಿಕ್ ಹಿಡಿ ಲೋಟದ ಅಂಚಿಗೆ ತಾಗಿದ್ದ ಕಡೆ ಕರಗಿ ಮಂಕಾಗಿ ಅಂಟಂಟಾಗಿತ್ತು. ಇಷ್ಟೆಲ್ಲ ಆಗಿಯೂ ಗಟ್ಟಿಯಾದ ತುದಿ ಮಾತ್ರ ಹಾಗೇ ಇತ್ತು! ಕಾರಣ ಆಮೇಲೆ ಗೊತ್ತಾಯಿತು. ನಾನು ಹಚ್ಚುತ್ತಿದ್ದದ್ದು ಬಿಲ್ಡರ್ ಜೆಲ್, ಉಗುರನ್ನು ದಪ್ಪ ಮಾಡಿ ಬಲ ಕೊಡುವಂಥದ್ದು. ಗಟ್ಟಿ ಬಗೆಯ ಬಿಲ್ಡರ್ ಜೆಲ್ ಒಮ್ಮೆ ಕ್ಯೂರ್ ಆದರೆ, ಅಂದರೆ ಬೆಳಕಿಗೆ ಗಟ್ಟಿಯಾದರೆ, ಅಸಿಟೋನ್‌ಗೂ ಜಗ್ಗುವುದಿಲ್ಲ, ಅದನ್ನು ಫೈಲ್ ಮಾಡಿಯೇ, ಅಂದರೆ ಉಜ್ಜಿಯೇ ತೆಗೆಯಬೇಕು. ಬ್ರಷ್ ಕೂದಲನ್ನು ಫೈಲ್ ಮಾಡಲು ಆಗುತ್ತದೆಯೇ? ಕತ್ತರಿಸಬಹುದು ಅಷ್ಟೇ. ಕತ್ತರಿಸಿದ ಮೇಲೆ ಅದು ಕಸಬರಿಗೆ.

ಅಂದಹಾಗೆ, ಮುಚ್ಚಳವಿಲ್ಲದ ಲೋಟದಲ್ಲಿ ರಾತ್ರಿಯಿಡೀ ಅಸಿಟೋನ್ ಇಡುವುದೇ ಒಂದು ಹುಚ್ಚು ಕೆಲಸ. ಅದರ ಆವಿ ಚಳಿಯ ಕೋಣೆಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಏನೂ ಆಗಲಿಲ್ಲ ಅನ್ನುವುದು ನನ್ನ ಜಾಣತನವಲ್ಲ.

ಎರಡು ಬ್ರಷ್ ಹೋದ ಮೇಲೆ ಜಾಸ್ತಿ ದುಡ್ಡು ಕೊಟ್ಟು ಒಳ್ಳೆಯ ಸೆಟ್ ಕೊಂಡೆ. ಸಣ್ಣ ಲೈನರ್, ಓವಲ್, ಚಪ್ಪಟೆ, ಎಲ್ಲವೂ ಸಿಂಥೆಟಿಕ್ ಕೂದಲಿನವು. ಇನ್ನು ಇವನ್ನು ಮಗುವಿನಂತೆ ನೋಡಿಕೊಳ್ಳುತ್ತೇನೆ ಅಂತ ತೀರ್ಮಾನಿಸಿದೆ. ಅಸಿಟೋನ್ ಬೇಡ, ಒರಟು ಟಿಶ್ಯೂ ಬೇಡ. ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಬೆರಳಲ್ಲೇ ಮೆಲ್ಲಗೆ ಒತ್ತಿ, ಎಳೆ ಎಳೆಯಾಗಿ ಸವರಿ, ತುದಿಯನ್ನು ಚೂಪು ಮಾಡಿ ಮುಚ್ಚಳ ಹಾಕುವುದು. ಬ್ರಷ್‌ಗಳು ಹೊಸದರಂತೆ ಹೊಳೆಯುತ್ತಿದ್ದವು. ನೋಡಿದವರೆಲ್ಲ ಹೊಗಳಿದರು. ನಾನೂ ಬೀಗಿದೆ.

ಬೆರಳಿಗೆ ತಾಗುತ್ತಿದ್ದದ್ದು ಬಣ್ಣದ ಕೊಳೆ ಅಂತ ನಾನು ತಿಳಿದಿದ್ದೆ. ಅದು ಕ್ಯೂರ್ ಆಗದ ಜೆಲ್. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಪೂರ್ತಿ ಗಟ್ಟಿಯಾದ ಜೆಲ್‌ನಲ್ಲಿ ಅಣುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಚರ್ಮದೊಳಗೆ ಇಳಿಯುವುದಿಲ್ಲ. ಒದ್ದೆ ಜೆಲ್‌ನಲ್ಲಿ ಅವು ಬಿಡಿಬಿಡಿ. ಮೆಥಾಕ್ರಿಲೇಟ್ ಎನ್ನುವ ಗುಂಪಿನವು, ಅದರಲ್ಲೂ ಹೇಮಾ (HEMA) ಎನ್ನುವ ರಾಸಾಯನಿಕದ್ದು ತೀರಾ ಚಿಕ್ಕ ಅಣು. ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ. ಆಲ್ಕೋಹಾಲ್ ಬೆರೆತರೆ ಕೇಳಲೇಬೇಡಿ. ಅದು ಜೆಲ್ಲನ್ನು ತೆಳ್ಳಗೆ ಮಾಡಿ ಬೆರಳ ತುಂಬಾ ಹರಡುತ್ತದೆ, ಚರ್ಮದ ಎಣ್ಣೆಯನ್ನೂ ತೆಗೆಯುತ್ತದೆ. ನಾನು ವಾರಕ್ಕೆ ಮೂರ್ನಾಲ್ಕು ಸಲ ನನ್ನ ಕೈಯಾರೆ ಅದನ್ನು ಉಜ್ಜಿಕೊಳ್ಳುತ್ತಿದ್ದೆ.

ಮೊದಲ ಕೆಲವು ತಿಂಗಳು ಏನೂ ಆಗಲಿಲ್ಲ. ಜನ ಮೋಸ ಹೋಗುವುದು ಇಲ್ಲೇ. ಈ ಅಲರ್ಜಿ ಮೊದಲ ದಿನವೇ ಬರುವಂಥದ್ದಲ್ಲ. ದೇಹ ಸುಮ್ನೆ ಲೆಕ್ಕ ಇಟ್ಟುಕೊಂಡು ಒಂದು ದಿನ ತಿರುಗಿ ಬೀಳುತ್ತದೆ. ನನಗೆ ಮೊದಲು ತುರಿಕೆ, ಆಮೇಲೆ ಸಾಸಿವೆಯಂಥ ನೀರ್ಗುಳ್ಳೆ, ಆಮೇಲೆ ಚರ್ಮ ಒಣಗಿ ಬಿರುಕು. ಉಪ್ಪು ಹಿಡಿಯಲು ಆಗುತ್ತಿರಲಿಲ್ಲ. ಶರ್ಟಿನ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ನಡುವೆ ಕಣ್ಣಿನ ರೆಪ್ಪೆ ಊದಿಕೊಂಡಿತು. ಅದಕ್ಕೆ ಫೇಸ್ ಕ್ರೀಮ್ ಕಾರಣ ಅಂದುಕೊಂಡೆ. ಬೆರಳಿನದೇ ಕಣ್ಣಿಗೂ ಹತ್ತಿತ್ತು. ರೆಪ್ಪೆಯ ಚರ್ಮ ತೆಳು, ಕೈ ಗೊತ್ತಿಲ್ಲದೆ ಅಲ್ಲಿಗೆ ಹೋಗುತ್ತಲೇ ಇರುತ್ತದೆ.

ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡಿಸಿದರು. ಅನುಮಾನವಿರುವ ರಾಸಾಯನಿಕಗಳನ್ನು ಹಚ್ಚಿದ ಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿ, 48 ಗಂಟೆ ಒದ್ದೆ ಮಾಡದೆ ಬಿಟ್ಟು, ತೆಗೆದು ನೋಡಿ, ಎರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಹೇಮಾ ಇದ್ದ ಜಾಗದಲ್ಲಿ ಕೆಂಪಗೆ ಉಬ್ಬಿತ್ತು. ಈ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ ಅಂದರು. ನನಗೆ ಉಗುರಿನ ಬಣ್ಣ ಹೋದರೆ ಹೋಗಲಿ ಅನ್ನಿಸಿತು. ಆದರೆ ಅವರ ಮುಂದಿನ ಮಾತು ಕೇಳಿ ಹೆದರಿದೆ. ಹಲ್ಲಿಗೆ ತುಂಬುವ ಬಿಳಿ ಫಿಲ್ಲಿಂಗ್, ಮೂಳೆ ಆಪರೇಷನ್‌ನಲ್ಲಿ ಬಳಸುವ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸೆನ್ಸರ್‌ಗಳ ಅಂಟು, ಇವುಗಳಲ್ಲೂ ಇದೇ ಕುಟುಂಬದ ರಾಸಾಯನಿಕಗಳಿವೆ. ಇನ್ನು ಮುಂದೆ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಮೊದಲು ಇದನ್ನು ಹೇಳಬೇಕು. ಎಲ್ಲಾ ಒಂದು ಬ್ರಷ್ ಮೆತ್ತಗಿರಲಿ ಅಂತ ಮಾಡಿದ್ದಕ್ಕೆ.

ಇದು ನನ್ನೊಬ್ಬಳ ದುರದೃಷ್ಟ ಅಂದುಕೊಳ್ಳಬೇಡಿ. ಚರ್ಮಕ್ಕೆ ತಾಗಿ ಬರುವ ಇಂಥ ಅಲರ್ಜಿಗಳನ್ನು ನೋಡುವ ಅಮೆರಿಕದ ಚರ್ಮತಜ್ಞರ ಸಂಘ 2012ರಲ್ಲೇ ಇದೇ ಕುಟುಂಬದ ಅಕ್ರಿಲೇಟ್‌ಗಳನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು. ಐರೋಪ್ಯ ಒಕ್ಕೂಟ 2020ರಲ್ಲಿ ನಿಯಮ ತಂದು, ಹೇಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರು ಮಾತ್ರ ಬಳಸಬೇಕು, ಅಲರ್ಜಿಯ ಎಚ್ಚರಿಕೆ ಅಚ್ಚು ಹಾಕಬೇಕು ಎಂದಿತು. 'ಹೇಮಾ ಇಲ್ಲ' ಅಂತ ಬರೆದ ಬಾಟಲಿ ತಂದರೆ ಸಾಕಲ್ವಾ ಅಂತ ನಾನೂ ಕೇಳಿದ್ದೆ. ಅದರಲ್ಲಿ ಹೇಮಾ ಬದಲು ಅದರ ಸಂಬಂಧಿಕರು ಇರುತ್ತಾರೆ. ಒಬ್ಬರಿಗೆ ಸಿಡಿಮಿಡಿಗೊಂಡ ಚರ್ಮ ಇನ್ನೊಬ್ಬರಿಗೂ ಸಿಡಿಮಿಡಿಗೊಳ್ಳಬಹುದು.

ಗ್ಲೌಸ್ ಹಾಕಿಕೊಂಡರೆ ಆಯಿತಲ್ಲ ಅನ್ನುವವರಿಗೆ ಒಂದು ಮಾತು. ಹಾಕಿಕೊಳ್ಳಿ, ಆದರೆ ಅದನ್ನು ನಂಬಿ ಹಿಂಡಲು ಹೋಗಬೇಡಿ. ಈ ರಾಸಾಯನಿಕಗಳು ತೆಳು ಗ್ಲೌಸ್ ದಾಟಿ ಒಳಗೆ ಬರಲು ಕೆಲವೇ ನಿಮಿಷ ಸಾಕು. ಲೇಟೆಕ್ಸ್ ಬೇಡವೇ ಬೇಡ, ನೈಟ್ರೈಲ್ ತಕ್ಕಮಟ್ಟಿಗೆ ವಾಸಿ. ಅದೂ ಅಸಿಟೋನ್ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಜೆಲ್ ತಾಗಿತು ಅಂದರೆ ಬಿಚ್ಚಿ ಬೇರೆ ಹಾಕಿಕೊಳ್ಳಬೇಕು.

ನನ್ನ ಸೆಟ್ ಈಗ ತಂಗಿಯದು. ಅವಳು ಮೇಜಿನ ಬಳಿ, ನಾನು ದೂರ ಬಾಗಿಲ ಹತ್ತಿರ. ಫೈಲ್ ಮಾಡಿದ ಪುಡಿ ಹಾರಿದರೂ ನನ್ನ ರೆಪ್ಪೆ ತುರಿಸುತ್ತದೆ. ಅಲ್ಲಿಂದಲೇ ನನ್ನ ಪಾಠ. ಅವಳು ಬ್ರಷ್ ಒರೆಸುವುದು ನೂಲು ಬಿಡದ ವೈಪ್ಸ್‌ನಲ್ಲಿ. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಕೂದಲು ಇರುವ ದಿಕ್ಕಿಗೇ ಬ್ರಷ್ಷನ್ನು ಮಲಗಿಸಿ ಎಳೆಯುತ್ತಾಳೆ, ಕುಟ್ಟುವುದಿಲ್ಲ. ಬಣ್ಣ ಉಳಿದರೆ ಒಂದು ಹನಿ ಪಾರದರ್ಶಕ ಬೇಸ್ ಜೆಲ್‌ನಲ್ಲಿ ಆಡಿಸಿ ಮತ್ತೆ ಎಳೆಯುತ್ತಾಳೆ. ಜೆಲ್ಲನ್ನು ಜೆಲ್ಲಿನಿಂದಲೇ ತೊಳೆಯುವುದು. ಇದರಷ್ಟು ನಯವಾದ ವಿಧಾನ ಇನ್ನೊಂದಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಕಪ್ಪು ಹಚ್ಚಿ ಬಿಳಿಗೆ ಹೋಗುವಾಗ ಮಾತ್ರ ವೈಪ್ಸ್‌ಗೆ ಸ್ವಲ್ಪ ಆಲ್ಕೋಹಾಲ್. ಅದು ಪೂರ್ತಿ ಆರಬೇಕು, ಇಲ್ಲದಿದ್ದರೆ ಡಬ್ಬಿಯ ಜೆಲ್ ನೀರಾಗುತ್ತದೆ. ಸೋಪು ನೀರು ಹತ್ತಿರವೂ ಸುಳಿಯುವುದಿಲ್ಲ. ಕೂದಲ ಬುಡದಲ್ಲಿ ಉಳಿದ ನೀರು ಜೆಲ್‌ಗೆ ಸೇರಿದರೆ ಕೆಲಸ ಕೆಡುತ್ತದೆ.

ಕೊನೆಗೆ ತುದಿಗೆ ಒಂದಿಷ್ಟು ಪಾರದರ್ಶಕ ಜೆಲ್ ಬಿಟ್ಟು, ವೈಪ್ಸ್ ಮೇಲೆಯೇ ಚೂಪು ಮಾಡಿ, ಬೆಳಕು ಹೋಗದ ಮುಚ್ಚಳ ಹಾಕಿ ಡ್ರಾಯರ್ ಒಳಗೆ ಮಲಗಿಸುತ್ತಾಳೆ. ಮುಚ್ಚಳ ಪಾರದರ್ಶಕವಾಗಿದ್ದರೆ ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತುತ್ತಾಳೆ. ಕೈ ಲ್ಯಾಂಪ್ ಒಳಗೆ ಇಡುವ ಮೊದಲು ಬ್ರಷ್ ಮುಚ್ಚಳದೊಳಗೆ ಇರಬೇಕು. ಇದರಲ್ಲಿ ಅವಳು ನನಗಿಂತ ಶಿಸ್ತಿನವಳು. ಒರೆಸಿದ ವೈಪ್ಸನ್ನು ಬಿಸಾಡುವ ಮೊದಲು ಅದನ್ನೂ ಲ್ಯಾಂಪ್‌ಗೆ ತೋರಿಸುತ್ತಾಳೆ. ಕಸ ಎತ್ತುವವರ ಕೈಗೆ ಒದ್ದೆ ಜೆಲ್ ತಾಗಬಾರದಲ್ಲ. ಆಲ್ಕೋಹಾಲ್ ಹಾಕಿದ್ದರೆ ಅದು ಮೊದಲು ಆರಿರಬೇಕು.

ಕಡ್ಡಿಯಾದ ಆ ಮೊದಲ ಬ್ರಷ್ಷನ್ನು ನೆನಪಿಗೆ ಇಟ್ಟುಕೊಳ್ಳೋಣ ಅಂತಿದ್ದೆ. ಹೊರಗೆ ಗಟ್ಟಿಯಾಗಿದ್ದರೂ ಬೆಳಕು ತಲುಪದ ಒಳಗಿನ ಎಳೆಗಳಲ್ಲಿ ಒದ್ದೆ ಜೆಲ್ ಉಳಿದಿರಬಹುದು ಅಂತ ತಂಗಿಯೇ ಹೇಳಿ, ಕವರಿಗೆ ಹಾಕಿ ಕಟ್ಟಿ ಎಸೆದಳು.

ಮೊನ್ನೆ ಲೈನರ್‌ನ ತುದಿ ಎರಡಾಗಿ ಸೀಳಿತ್ತು. ಅವಳ ಎಡಗೈ ಎರಡು ಬೆರಳು ಕೂಡಿಸಿಕೊಂಡು ಮೆಲ್ಲಗೆ ಅದರ ಕಡೆ ಹೋಯಿತು. ಬಾಗಿಲಿಂದಲೇ ಕೂಗಿದೆ.

"ಮುಟ್ಟಿಲ್ಲ ಅಕ್ಕಾ," ಅಂದಳು, ವೈಪ್ಸ್ ಎಳೆದುಕೊಳ್ಳುತ್ತಾ.