ಎನ್‌ಪಿಟಿಇಎಲ್ ಕೋರ್ಸ್: ಲಾಕ್‌ಡೌನ್‌ನಲ್ಲಿ ಓದಿನ ಹುರುಪು ಉಳಿಸಿತೇ?

2020ರಲ್ಲಿ ಕಾಲೇಜುಗಳು ಬಾಗಿಲು ಹಾಕಿದಾಗ ಐಐಟಿ ಮತ್ತು ಐಐಎಸ್‌ಸಿಗಳು ಎನ್‌ಪಿಟಿಇಎಲ್ ಎಂಬ ಯೋಜನೆಯಡಿ ನಡೆಸುವ ಈ ಆನ್‌ಲೈನ್ ಕೋರ್ಸುಗಳು ಕೇಂದ್ರ ಸರ್ಕಾರದ ‘ಸ್ವಯಂ’ ಕಲಿಕಾ ತಾಣದಲ್ಲಿ ಸಿದ್ಧವಾಗಿಯೇ ಇದ್ದವು. ನೋಂದಣಿ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ.

ವಿದ್ಯಾರ್ಥಿಯನ್ನು ಹಿಡಿದಿಡುವುದು ಇಲ್ಲಿನ ವಾರದ ಅಸೈನ್‌ಮೆಂಟ್. ಗಡುವು ಮೀರಿದರೆ ಅಂಕವಿಲ್ಲ. ಆದರೆ 12 ವಾರಗಳ ಕೋರ್ಸಿನಲ್ಲಿ ಉತ್ತಮ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಜ್ವರ ಬಂದು ಒಂದೆರಡು ವಾರ ತಪ್ಪಿದರೂ ಕೈಚೆಲ್ಲಬೇಕಿಲ್ಲ. ಇದು ಜಾಣ ಏರ್ಪಾಡು. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ ಇವುಗಳಲ್ಲಿ ಕ್ರಮವಾಗಿ ಕನಿಷ್ಠ 10 ಮತ್ತು 30 ಬೇಕು. ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು, ಹಾಗಾಗಿ ವಾಟ್ಸಾಪ್‌ನಲ್ಲಿ ಬಂದ ಉತ್ತರಗಳನ್ನು ಗೀಚಿ ಅಸೈನ್‌ಮೆಂಟ್ ದಾಟಿದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಸೋಲುವುದು ಎಲ್ಲಿ? ವಿಡಿಯೊದಲ್ಲಿ ಮೇಷ್ಟ್ರಿಗೆ ನಿಮ್ಮ ಮುಖ ಕಾಣದು. ಗಣಿತ ಬಿಗಿಯಾಗುತ್ತಿದ್ದಂತೆ, ತಕ್ಷಣ ಕೇಳಲು ಯಾರೂ ಇಲ್ಲದೆ ಹಲವರು ಜಾರಿಕೊಳ್ಳುತ್ತಾರೆ. ಮೂರ್ನಾಲ್ಕು ಗೆಳೆಯರು ಒಂದೇ ಕೋರ್ಸ್ ಹಿಡಿದು, ಗಡುವಿಗೆ ಎರಡು ದಿನ ಮುಂಚೆ ಫೋನಿನಲ್ಲಿ ಲೆಕ್ಕ ಬಿಡಿಸಿದರೆ ಇದಕ್ಕೆ ಸ್ವಲ್ಪ ಮದ್ದುಂಟು. ನೆಟ್‌ವರ್ಕ್ ಕುಂಟುವ ಊರಿನವರು ವಿಡಿಯೊ ಇಳಿಸಿಕೊಳ್ಳಲಿ, ಇಲ್ಲವೇ ಪಾಠದ ಲಿಖಿತ ರೂಪ ಓದಲಿ.

ಒಮ್ಮೆಗೇ ನಾಲ್ಕು ಕೋರ್ಸ್ ಬೇಡ, ಒಂದು ಸಾಕು. ನಿಮ್ಮ ಪದವಿಗೆ ಇದರ ಕ್ರೆಡಿಟ್ ಸೇರುತ್ತದೆಯೇ ಎಂದು ಕಾಲೇಜಿನ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.