ಡಾಲ್ಫಿನ್‌ನ ಕೊಬ್ಬು ಅಳೆಯಲು ಅಂಕಿ ಸಾಲದು, ಪರದೆ ಬೇಕು

ಹಂದಿಯ ಬೆನ್ನಿನ ಕೊಬ್ಬು ಅಳೆಯಲೆಂದು ತಯಾರಾದ ಪುಟ್ಟ ಅಲ್ಟ್ರಾಸೌಂಡ್ ಯಂತ್ರವನ್ನೇ ಸೀಲ್, ಡಾಲ್ಫಿನ್‌ಗಳಿಗೂ ಬಳಸುವವರಿದ್ದಾರೆ. ಅಗ್ಗದ್ದು, ಅಂಗೈಯಲ್ಲಿ ಹಿಡಿಯಬಹುದು. ಮೈಗೆ ತಾಗಿಸಿದರೆ ಇಷ್ಟು ಮಿಲಿಮೀಟರ್ ಎಂದು ಅಂಕಿ ಮೂಡುತ್ತದೆ. ಫ್ಲೋರಿಡಾದಲ್ಲಿ ಕಡಲ ಸಸ್ತನಿಗಳ ಆರೈಕೆ ಮಾಡುವ ಪಶುವೈದ್ಯೆಯಾಗಿ ನಾನೂ ಅದನ್ನು ಬಹುಕಾಲ ಬಳಸಿದೆ. ಈಗ ಪರದೆಯಿರುವ ಪೋರ್ಟಬಲ್ ಯಂತ್ರಕ್ಕೆ ಬಂದಿದ್ದೇನೆ, ಹಳೆಯದಕ್ಕೆ ಮರಳುವ ಮಾತೇ ಇಲ್ಲ.

ಕಾರಣ ಸರಳ. ಡಾಲ್ಫಿನ್‌ನ ಬ್ಲಬ್ಬರ್, ಅಂದರೆ ಚರ್ಮದಡಿಯ ದಪ್ಪ ಪದರ, ಬರೀ ಕೊಬ್ಬಿನ ಮುದ್ದೆಯಲ್ಲ. ನಾರಿನ ಜಾಲ ಹೆಣೆದುಕೊಂಡ ಪದರಗಳು ಅದರಲ್ಲಿವೆ. ಯಂತ್ರ ಕಳಿಸಿದ ಶಬ್ದದ ಪ್ರತಿಧ್ವನಿ ನಡುವಿನ ಪದರದಿಂದ ಬಂತೋ, ಸ್ನಾಯುವಿನ ಅಂಚಿನಿಂದ ಬಂತೋ ಎಂಬುದನ್ನು ಬರೀ ಅಂಕಿ ಹೇಳುವುದಿಲ್ಲ. ಬೆನ್ನಿನ ಈಜುರೆಕ್ಕೆಯ ಬಳಿ ಪ್ರೋಬ್ (ಮೈಗೆ ತಾಗಿಸುವ ಭಾಗ) ಹಗುರವಾಗಿ ಇಟ್ಟು ಪರದೆ ನೋಡಿ: ಮೇಲೆ ಚರ್ಮದ ಹೊಳೆಯುವ ಗೆರೆ, ಕೆಳಗೆ ಬ್ಲಬ್ಬರ್‌ನ ಬೂದು ಪಟ್ಟಿ, ಮತ್ತೊಂದು ಹೊಳಪಿನ ಗೆರೆ, ಅದರಾಚೆ ಎಳೆಎಳೆಯಾದ ಸ್ನಾಯು. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಕಣ್ಣೇ ತೀರ್ಮಾನಿಸುತ್ತದೆ.

ಆದರೂ ತಿದ್ದುಪಡಿ ಬೇಕು. ಯಂತ್ರ ಶಬ್ದದ ವೇಗವನ್ನು ಸೆಕೆಂಡಿಗೆ 1540 ಮೀಟರ್ ಎಂದು ಹಿಡಿದು ಲೆಕ್ಕ ಹಾಕುತ್ತದೆ. ಕೊಬ್ಬಿನಲ್ಲಿ ಅದು ಸುಮಾರು 1450. ಹಾಗಾಗಿ ಪರದೆಯ 18 ಮಿಲಿಮೀಟರ್ ನಿಜದಲ್ಲಿ 17ರ ಆಸುಪಾಸು ಇರಬಹುದು. ಕೊಬ್ಬಿನಂಶ ಮತ್ತು ತಾಪಮಾನ ಬದಲಾದಂತೆ ವೇಗವೂ ಬದಲಾಗುವುದರಿಂದ, ಒಂದೇ ಪ್ರಾಣಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದ ದಾಖಲೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಸೂಕ್ತ ಪ್ರೋಬ್ ಜೋಡಿಸಿದರೆ ಇದೇ ಯಂತ್ರ ಶ್ವಾಸಕೋಶವನ್ನೂ ತೋರಿಸುತ್ತದೆ. 2010ರ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆಯ ನಂತರ, 2011ರಲ್ಲಿ ಲೂಸಿಯಾನದ ಬರಾಟಾರಿಯಾ ಕೊಲ್ಲಿಯ ಡಾಲ್ಫಿನ್‌ಗಳನ್ನು ತಪಾಸಣೆ ಮಾಡಿದಾಗ ಶ್ವಾಸಕೋಶದ ಕಾಯಿಲೆ ಬಯಲಾದದ್ದು ಅಲ್ಟ್ರಾಸೌಂಡಿನಿಂದಲೇ. ಮಧ್ಯಮದಿಂದ ತೀವ್ರ ಮಟ್ಟದ ಕಾಯಿಲೆಯ ಸಾಧ್ಯತೆ, ತೈಲ ತಲುಪದ ಫ್ಲೋರಿಡಾದ ಸರಸೋಟಾ ಕೊಲ್ಲಿಯ ಡಾಲ್ಫಿನ್‌ಗಳಿಗಿಂತ ಅಲ್ಲಿ ಐದು ಪಟ್ಟು ಹೆಚ್ಚಿತ್ತು. ಜೀವಂತ ಪ್ರಾಣಿಗೆ ಗಾಯ ಮಾಡದೆ ಇಷ್ಟು ತಿಳಿಯುತ್ತದೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಕೊರತೆಗಳೂ ಇವೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಕಪ್ಪು ಬಟ್ಟೆಯ ಮರೆ ಬೇಕೇ ಬೇಕು. ಡಾಲ್ಫಿನ್‌ನ ಒದ್ದೆ ಚರ್ಮಕ್ಕೆ ಜೆಲ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಸೀಲ್‌ನ ತುಪ್ಪಳದಲ್ಲಿ ಗಾಳಿ ನಿಲ್ಲುವುದರಿಂದ ಮೊದಲು ಚೆನ್ನಾಗಿ ನೆನೆಸಬೇಕು. ನಮ್ಮ ಯಂತ್ರದ ಕೇಬಲ್ ಕೂಡುವಲ್ಲಿ ಉಪ್ಪುನೀರು ಹೊಕ್ಕು ಚಿತ್ರ ಒಡೆಯತೊಡಗಿತು, ರಿಪೇರಿಗೆ ವಾರಗಳೇ ಹಿಡಿದವು. ಕೊಳ್ಳುವವರು ಆ ಜೋಡಣೆ ಉಪ್ಪುನೀರನ್ನು ತಡೆಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.