ಜೆಂಟೂ ಲಿನಕ್ಸ್: ಪ್ರೊಫೈಲ್ ನೋಡಿ ಆರಿಸಿ, ಇಲ್ಲಾಂದ್ರೆ ಪಹಣಿನೂ ಪ್ರಿಂಟ್ ಆಗಲ್ಲ

ಮಳೆಗಾಲದಲ್ಲಿ ಶಿರಸಿಯಲ್ಲಿ ಕೂತು ಜೆಂಟೂ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಬಗೆ) ಹಾಕಿಕೊಂಡವನು ನಾನು. ಬುದ್ಧಿವಂತರು ಬೇಸಿಗೆಯಲ್ಲಿ ಹಾಕುತ್ತಾರೆ. ಲ್ಯಾಪ್‌ಟಾಪ್ ಹಳೇದು, 4 ಕೋರ್, 8 ಥ್ರೆಡ್, 8 ಜಿಬಿ ರ್‍ಯಾಮ್.

ಜೆಂಟೂನಲ್ಲಿ ಪ್ರೋಗ್ರಾಂಗಳ ಸೋರ್ಸ್ ಕೋಡ್ ಇಳಿಸಿಕೊಂಡು ನಮ್ಮ ಮಷೀನಲ್ಲೇ ಕಂಪೈಲ್ ಮಾಡುವುದು (ಓಡುವ ರೂಪಕ್ಕೆ ತರುವುದು) ರೂಢಿ. ಯಾವ ಪ್ಯಾಕೇಜಿನಲ್ಲಿ ಏನಿರಬೇಕು, ಏನು ಬೇಡ ಅನ್ನುವುದನ್ನು ಯೂಸ್ ಫ್ಲ್ಯಾಗ್‌ನಲ್ಲಿ ಹೇಳುತ್ತೇವೆ. ಪ್ರೊಫೈಲ್ ಅಂದರೆ ಅಂಥ ಫ್ಲ್ಯಾಗ್‌ಗಳನ್ನೆಲ್ಲ ಮೊದಲೇ ಹೊಂದಿಸಿಟ್ಟ ಕಟ್ಟು.

'ಇಸೆಲೆಕ್ಟ್ ಪ್ರೊಫೈಲ್ ಲಿಸ್ಟ್' ಅಂತ ಹೊಡೆದರೆ ಉದ್ದ ಪಟ್ಟಿ ಬರುತ್ತದೆ. ಬರೀ 23.0 (ಮೂಲ ಪ್ರೊಫೈಲ್), ಡೆಸ್ಕ್‌ಟಾಪ್, ಗ್ನೋಮ್ ಮತ್ತು ಪ್ಲಾಸ್ಮಾ (ಎರಡು ಬಗೆಯ ಡೆಸ್ಕ್‌ಟಾಪ್), ಹಾರ್ಡನ್ಡ್ (ಭದ್ರತೆ ಬಿಗಿ ಮಾಡಿದ್ದು), ಮಸ್ಲ್ (ಬೇರೆಯೇ ಸಿ ಲೈಬ್ರರಿ), ನೋ-ಮಲ್ಟಿಲಿಬ್ (ಬರೀ 64 ಬಿಟ್), ಸಾಲದ್ದಕ್ಕೆ ಬಹಳಷ್ಟಕ್ಕೆ ಸಿಸ್ಟಮ್‌ಡಿ (ಸಿಸ್ಟಮ್ ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಇರೋದೊಂದು, ಇಲ್ಲದ್ದೊಂದು. ನಾನು ಜಂಬದಲ್ಲಿ ಬರೀ 23.0 ಆರಿಸಿದೆ. ಬೇಕಾದ ಫ್ಲ್ಯಾಗ್ ನಾನೇ ಬರೆದುಕೊಳ್ಳುತ್ತೇನೆ, ಹಗುರ ಇರುತ್ತದೆ ಅಂತ.

ಒಂದು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಅಪ್ಪಯ್ಯ ಬಂದು ತೋಟದ ಪಹಣಿ ಪ್ರಿಂಟ್ ತೆಗೆದುಕೊಡು ಅಂದರು. ಫೈಲ್ ತೆರೆಯಿತು, ಪ್ರಿಂಟ್ ಒತ್ತಿದೆ, ಪಟ್ಟಿಯಲ್ಲಿ ಪ್ರಿಂಟರೇ ಇಲ್ಲ! ಪ್ರಿಂಟಿಂಗ್‌ಗೆ ಬೇಕಾದ 'ಕಪ್ಸ್' ಫ್ಲ್ಯಾಗ್ ಹಾಕಿರಲೇ ಇಲ್ಲ. ಬ್ಲೂಟೂತ್‌ದೂ ಅದೇ ಕಥೆ. ಡೆಸ್ಕ್‌ಟಾಪ್ ಪ್ರೊಫೈಲ್ ಆರಿಸಿದ್ದರೆ ಎರಡೂ ತಾವಾಗಿಯೇ ಆನ್ ಇರುತ್ತಿದ್ದವು.

ಪ್ಲಾಸ್ಮಾ ಪ್ರೊಫೈಲ್‌ಗೆ ಬದಲಾಯಿಸಿ, 'ನ್ಯೂಯೂಸ್' (ಫ್ಲ್ಯಾಗ್ ಬದಲಾದ ಪ್ಯಾಕೇಜನ್ನು ಮತ್ತೆ ಕಂಪೈಲ್ ಮಾಡು ಅನ್ನುವ ಆಯ್ಕೆ) ಹಾಕಿ ಇಡೀ ವರ್ಲ್ಡ್, ಅಂದರೆ ಹಾಕಿಕೊಂಡ ಪ್ಯಾಕೇಜ್‌ಗಳಿಗೆಲ್ಲ, ಅಪ್‌ಡೇಟ್ ಕೊಟ್ಟೆ. ರಾತ್ರಿ ಕರೆಂಟ್ ಹೋಯಿತು, ಇನ್ವರ್ಟರ್ ಕೂಡ ಕೈಕೊಟ್ಟಿತು. 'ರೆಸ್ಯೂಮ್' ಕೊಟ್ಟರೆ ಉಳಿದ ಪಟ್ಟಿ ಮುಂದುವರಿಯುತ್ತದೆ ನಿಜ, ಆದರೆ ಅರ್ಧಕ್ಕೆ ನಿಂತ ಪ್ಯಾಕೇಜ್ ಮಾತ್ರ ಮೊದಲಿಂದ ಶುರು. ಅದು ಕಂಪೈಲ್ ಆಗಲು ಗಂಟೆಗಟ್ಟಲೆ ಹಿಡಿಯುವ ಕ್ಯೂಟಿ ವೆಬ್‌ಎಂಜಿನ್ ಆಗಿದ್ದರೆ ಅಳು ಬರುತ್ತದೆ, ನನ್ನದು ಅದೇ ಆಗಿತ್ತು. ಬೆಳಿಗ್ಗೆ ಕಷಾಯ ಹಿಡಿದು ಬಂದ ಅಪ್ಪಯ್ಯ, "ಇನ್ನೂ ಆಜಿಲ್ಯನಾ ತಮಾ?" ಅಂದರು.

ಇನ್ನೊಂದು ಪೆದ್ದುತನ. 8 ಥ್ರೆಡ್ ಇದೆಯಲ್ಲ ಅಂತ ಮೇಕ್‌ಆಪ್ಟ್ಸ್‌ಗೆ (ಒಟ್ಟಿಗೇ ಎಷ್ಟು ಕಂಪೈಲ್ ಜಾಬ್ ಓಡಬೇಕು ಅನ್ನುವ ಸೆಟ್ಟಿಂಗ್) 8 ಕೊಟ್ಟಿದ್ದೆ, ರ್‍ಯಾಮ್ ತುಂಬಿ ಕಂಪೈಲರ್ ಸತ್ತಿತು. ಒಂದೊಂದು ಜಾಬ್‌ಗೆ ಸುಮಾರು 2 ಜಿಬಿ ಲೆಕ್ಕ ಹಿಡಿಯಬೇಕು. ಈಗ 4 ಇದೆ, ನಿಧಾನ ಆದರೂ ಮುಗಿಯುತ್ತದೆ.

ಇಷ್ಟು ಒದ್ದಾಡಬೇಕಾಗಿಯೂ ಇರಲಿಲ್ಲ. 2023ರ ಡಿಸೆಂಬರ್ ಕೊನೆಯಿಂದ ಜೆಂಟೂನವರೇ ದೊಡ್ಡ ಪ್ರಮಾಣದಲ್ಲಿ ಮೊದಲೇ ಕಂಪೈಲ್ ಮಾಡಿಟ್ಟ ರೆಡಿ ಬೈನರಿ ಪ್ಯಾಕೇಜ್ ಕೊಡುತ್ತಿದ್ದಾರೆ. ಮೇಕ್ ಡಾಟ್ ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನ ಫೀಚರ್ಸ್‌ ಸಾಲಿನಲ್ಲಿ 'ಗೆಟ್‌ಬಿನ್‌ಪಿಕೆಜಿ' ಸೇರಿಸಿದರೆ ಆಯಿತು. ಆದರೆ ನಿಮ್ಮ ಫ್ಲ್ಯಾಗ್ ಅವರದ್ದಕ್ಕೆ ಹೊಂದಿದರೆ ಮಾತ್ರ ಅದರ ಲಾಭ. ಸುಮ್ನೆ ಹತ್ತಾರು ಫ್ಲ್ಯಾಗ್ ತಿರುಚಿದರೆ ಮತ್ತೆ ಫ್ಯಾನ್ ಸದ್ದು ಕೇಳುತ್ತಾ ಕೂರಬೇಕು. ಅದಕ್ಕೇ ನಾನೀಗ ಪ್ಲಾಸ್ಮಾ ಪ್ರೊಫೈಲ್‌ನ ಹಾಗೇ ಬಿಟ್ಟು, ಮೇಲೆ ಬರೀ ಮೂರು ಫ್ಲ್ಯಾಗ್ ಇಟ್ಟುಕೊಂಡಿದ್ದೇನೆ. ಒಂದೇ ಪ್ಯಾಕೇಜಿಗೆ ಬೇಕಾದದ್ದು ಪ್ಯಾಕೇಜ್ ಡಾಟ್ ಯೂಸ್‌ಗೆ ಹೋಗುತ್ತದೆ, ಎಲ್ಲ ಪ್ಯಾಕೇಜಿಗೂ ಅನ್ವಯವಾಗುವ ಮೇಕ್ ಡಾಟ್ ಕಾನ್ಫ್‌ಗೆ ಅಲ್ಲ.

ಮಸ್ಲ್ ಕಡೆ ಕುತೂಹಲಕ್ಕೂ ಕೈ ಹಾಕಬೇಡಿ, ಅದಕ್ಕೆ ಹೋಗಬೇಕಂದರೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ನೋ-ಮಲ್ಟಿಲಿಬ್ ಹಾಕಿದರೆ 32 ಬಿಟ್ ಪ್ರೋಗ್ರಾಂ ಮರೆತುಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಪಹಣಿ ಮೂರನೇ ದಿನ ಪ್ರಿಂಟ್ ಆಯಿತು. ಅಷ್ಟರಲ್ಲಿ ಅಪ್ಪಯ್ಯ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ತೆಗೆಸಿಕೊಂಡು ಬಂದಿದ್ದರು.